‘ಫೇಸ್ ಬ್ಯಾಲೆನ್ಸ್ 5 ಡಿಗ್ರಿ’: ಕನ್ನಡದಲ್ಲಿ ಹೇಗೆ ಬರೆಯೋದು?

ಗೆಳೆಯರೇ,

ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗರಿಗಾಗಿ ಮೈಕ್ರೋವೇವ್ ಮಿಕ್ಸರ್ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. (ಮನೆಯಲ್ಲಿ ಹೀಗಂದರೆ ಅಡುಗೆಮನೆಯ ಎರಡು ಸಾಮಾನು ಅಂದುಕೊಳ್ಳುತ್ತಾರೆ, ಅದಿರಲಿ.) ಇಡೀ ಟಿಪ್ಪಣಿಯಲ್ಲಿ ಒಂದೇ ಮಾತು ಕಾಡುತ್ತಿದೆ: ‘ಫೇಸ್ ಬ್ಯಾಲೆನ್ಸ್ ಟಾಲರೆನ್ಸ್’. ಫೇಸ್ ಅಂದರೆ ಇಲ್ಲಿ ತರಂಗ ತನ್ನ ಸುತ್ತಿನಲ್ಲಿ ಎಲ್ಲಿದೆ ಅಂತ ಡಿಗ್ರಿಯಲ್ಲಿ ಹೇಳುವ ಕೋನ.

ಮೊದಲು ಸಂಗತಿ ಏನು ಅಂತ ಹೇಳಿಬಿಡುತ್ತೇನೆ. ನಮಗೆ 10 ಗಿಗಾಹರ್ಟ್ಸ್ ಸಿಗ್ನಲ್ ಬೇಕು, ಲೋಕಲ್ ಆಸಿಲೇಟರ್ (ಬೆರೆಸಲು ನಾವೇ ಸಿಗ್ನಲ್ ಹುಟ್ಟಿಸುವ ಸರ್ಕ್ಯೂಟ್) 9ರಲ್ಲಿದೆ ಅಂತಿಟ್ಟುಕೊಳ್ಳಿ. ಎರಡನ್ನೂ ಬೆರೆಸಿ ಅವುಗಳ ವ್ಯತ್ಯಾಸ ಕೊಡುವುದೇ ಮಿಕ್ಸರಿನ ಕೆಲಸ, ಹಾಗಾಗಿ ಅದರಿಂದ 1 ಗಿಗಾಹರ್ಟ್ಸ್ ಹೊರಬರುತ್ತದೆ. ಆದರೆ 8ರಲ್ಲಿ ಬೇರೇನಾದರೂ ಇದ್ದರೆ ಅದೂ ಬಂದು ಅದೇ 1ರ ಮೇಲೆ ಕೂರುತ್ತದೆ. ಇದೇ ಇಮೇಜ್. ಇದನ್ನು ಅಡಗಿಸಲು ಎರಡು ಮಿಕ್ಸರ್ ಇಟ್ಟು, ಸಿಗ್ನಲ್ಲನ್ನು 90 ಡಿಗ್ರಿ ಅಂತರದಲ್ಲಿ ಎರಡು ದಾರಿಗೆ ಹಂಚಿ, ಹೊರಬಂದದ್ದನ್ನು ಇನ್ನೊಮ್ಮೆ 90 ಡಿಗ್ರಿ ತಿರುಗಿಸಿ ಕೂಡಿಸುತ್ತಾರೆ. ಬೇಕಾದದ್ದು ಕೂಡಿಕೊಳ್ಳುತ್ತದೆ, ಇಮೇಜ್ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಆ 90 ಎಷ್ಟರವರೆಗೆ ತಪ್ಪಿದರೆ ನಡೆಯುತ್ತದೆ ಅನ್ನುವುದೇ ಇಲ್ಲಿನ ಟಾಲರೆನ್ಸ್.

‘ಫೇಸ್’ಗೆ ವಿಜ್ಞಾನ ಪುಸ್ತಕಗಳಲ್ಲಿ ‘ಪ್ರಾವಸ್ಥೆ’ ಇದೆ. ಹುಡುಗರ ಬಾಯಲ್ಲಿ ಅದು ಹೊರಳುವುದಿಲ್ಲ. ಫೇಸ್ ಅಂತಲೇ ಬಿಡೋಣ ಅಂದರೆ ಇಲ್ಲಿ ಇನ್ನೊಂದು ತೊಡಕು. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯಿಂದ ಬರುವವರು ‘ತ್ರೀ ಫೇಸ್ ಬಂತೇನು?’ ಅಂತ ಕೇಳುತ್ತಲೇ ಬೆಳೆದವರು. ವೈರಿಂಗ್ ಮಾಡುವವರ ಮಾತಿನಲ್ಲಿ ಫೇಸ್ ಬ್ಯಾಲೆನ್ಸ್ ಮಾಡೋದು ಅಂದರೆ ಮೂರೂ ಲೈನಿಗೆ ಲೋಡನ್ನು ಸಮನಾಗಿ ಹಂಚೋದು. ಅಲ್ಲಿ ನೋಡುವುದು ಆಂಪಿಯರ್, ಇಲ್ಲಿ ನೋಡುವುದು ಕೋನ. ‘ಫೇಸ್ ಬ್ಯಾಲೆನ್ಸ್’ ಅಂದ ಕೂಡಲೇ ತರಗತಿಯಲ್ಲಿ ಅರ್ಧ ಜನ ಮೋಟರಿಗೆ ಹೋಗಿಬಿಡುತ್ತಾರೆ.

ನನ್ನ ತಕರಾರು ಇದಕ್ಕಿಂತ ‘ಬ್ಯಾಲೆನ್ಸ್’ ಮೇಲೆ ಜಾಸ್ತಿ. ಡೇಟಾಶೀಟಿನಲ್ಲಿ ‘ಫೇಸ್ ಬ್ಯಾಲೆನ್ಸ್ 5 ಡಿಗ್ರಿ’ ಅಂತಿರುತ್ತದೆ. ಆ 5 ಸಮತೋಲನದ ಅಳತೆಯೇ ಅಲ್ಲ, ಅದು ತಪ್ಪಿದ್ದರ ಅಳತೆ. ‘ಪ್ರಾವಸ್ಥಾ ಸಮತೋಲನ 5 ಡಿಗ್ರಿ’ ಅಂತ ಪದಕ್ಕೆ ಪದ ಇಟ್ಟರೆ, 10 ಇನ್ನೂ ಒಳ್ಳೆಯದು ಅಂತ ಓದುವವನು ಅಂದುಕೊಂಡರೆ ಅವನದೇನು ತಪ್ಪು? ಟಾಲರೆನ್ಸಿಗೆ ‘ಸಹಿಷ್ಣುತೆ’ ಅನ್ನುವುದಂತೂ ನನಗೆ ಸರಿಬರುವುದಿಲ್ಲ. ಬೋರ್ಡಿನ ಮೇಲೆ ಸಿಗ್ನಲ್ ಹರಿಯುವ ತಾಮ್ರದ ಪಟ್ಟಿಗೆ ಎಂಥ ಸಹನೆ?

ಲೆಕ್ಕ ನೋಡಿದರೆ ಪದ ಎಲ್ಲಿ ಬಿಗಿಯಾಗಿರಬೇಕು ಅಂತ ತಿಳಿಯುತ್ತದೆ. ಎರಡು ದಾರಿಯ ಬಲ ಒಂದೇ ಇದ್ದು ಕೋನ ಮಾತ್ರ 10 ಡಿಗ್ರಿ ತಪ್ಪಿದರೆ ಇಮೇಜ್ ಸುಮಾರು 21 ಡಿಬಿ (ಡೆಸಿಬೆಲ್, ಬಲದ ಅನುಪಾತದ ಅಳತೆ) ತಗ್ಗುತ್ತದೆ. 5 ಡಿಗ್ರಿಗೆ 27, 1 ಡಿಗ್ರಿಗೆ 41. 10 ಡಿಗ್ರಿಯ ಜೊತೆಗೆ ಬಲದಲ್ಲೂ 1 ಡಿಬಿ ತಪ್ಪಿದರೆ 20ಕ್ಕಿಂತ ಕೊಂಚ ಕೆಳಗೆ ಇಳಿಯುತ್ತದೆ. ಅಂದರೆ ‘ಇಷ್ಟು ತಪ್ಪಿದರೆ ಪರವಾಗಿಲ್ಲ’ ಅನ್ನುವ ಅಂಕಿ ಮೊದಲೇ ಎಲ್ಲೂ ಕೂತಿಲ್ಲ. ಎಷ್ಟು ತಗ್ಗಿಸಬೇಕು ಅನ್ನುವುದರಿಂದ ಅದು ಹುಟ್ಟುತ್ತದೆ. 30 ಡಿಬಿ ಬೇಕು ಅಂದರೆ, ಬಲ ಪೂರ್ತಿ ಸರಿಯಿದ್ದರೂ ಕೋನಕ್ಕೆ ಸಿಗುವುದು 3.6 ಡಿಗ್ರಿ ಮಾತ್ರ. ಇನ್ನು ಆ ಡಿಗ್ರಿಗಳು ಎಷ್ಟು ಸಣ್ಣವು ನೋಡಿ: ಬೋರ್ಡಿನ ಮೇಲೆ ತರಂಗದ ಉದ್ದ 15 ಮಿಲಿಮೀಟರ್ ಇದ್ದರೆ, ಒಂದು ಪಟ್ಟಿ 0.2 ಮಿಲಿಮೀಟರ್ ಉದ್ದವಾದರೆ ಸಾಕು, ಹತ್ತಿರಹತ್ತಿರ 5 ಡಿಗ್ರಿ ಹೋಯಿತು.

ಇಲ್ಲಿ ಎರಡು ಬಗೆಯ ತಪ್ಪು ಇವೆ, ಅಲ್ವಾ? ಬಲದ ತಪ್ಪಿಗೆ ‘ಹೆಚ್ಚುಕಡಿಮೆ’, ಕೋನದ ತಪ್ಪಿಗೆ ‘ಹಿಂದುಮುಂದು’ ಅಂತ ಇಟ್ಟುಕೊಂಡಿದ್ದೇನೆ. ಟಾಲರೆನ್ಸಿಗೆ ಬರೀ ‘ಮಿತಿ’. ‘ಹಿಂದುಮುಂದಿನ ಮಿತಿ 5 ಡಿಗ್ರಿ, ಹೆಚ್ಚುಕಡಿಮೆಯ ಮಿತಿ 1 ಡಿಬಿ’. ಓದಿದರೆ ಯಾವುದು ಯಾವುದರ ತಪ್ಪು ಅಂತ ಗೊತ್ತಾಗುತ್ತದೆ, ಅಂಕಿ ದೊಡ್ಡದಾದಷ್ಟೂ ಕೆಟ್ಟದ್ದು ಅಂತಲೂ ತಿಳಿಯುತ್ತದೆ. ‘ಹಿಂದುಮುಂದು ನೋಡು’ ಅನ್ನುವ ಅರ್ಥ ಅಡ್ಡ ಬರಲಿಕ್ಕಿಲ್ಲ ಅನಿಸುತ್ತದೆ.

ಉಳಿದ ಅನುಮಾನ ಒಂದೇ. ಬರೀ ಮಿತಿ ಹೇಳುವಾಗ ತೊಂದರೆಯಿಲ್ಲ. ಯಾವ ದಾರಿ ಯಾವ ಕಡೆ ತಪ್ಪಿದೆ ಅಂತ ಹೇಳುವಾಗ ಕಷ್ಟ. ‘ಗಡಿಯಾರ ಐದು ನಿಮಿಷ ಮುಂದಿದೆ’ ಅಂದರೆ ಬೇಗ ಓಡುತ್ತಿದೆ ಅಂತ. ‘ಮದುವೆ ಮುಂದಕ್ಕೆ ಹೋಯಿತು’ ಅಂದರೆ ತಡವಾಯಿತು ಅಂತ. ಹಾಗಾದರೆ ‘ಎರಡನೇ ದಾರಿ 5 ಡಿಗ್ರಿ ಮುಂದಿದೆ’ ಅಂತ ಬರೆದರೆ ನೀವು ಹೇಗೆ ಓದುತ್ತೀರಿ? ಬೇಗ ಬಂತು ಅಂತಲೋ, ತಡವಾಗಿ ಬಂತು ಅಂತಲೋ? ‘ಮುಂಚೆ’ ಮತ್ತು ‘ತಡ’ ಅಂತ ಬರೆಯಬಹುದು, ಆದರೆ ಆಗ ‘ಹಿಂದುಮುಂದು’ ಜೊತೆ ಜೋಡಿ ತಪ್ಪುತ್ತದೆ. ರಾಯಚೂರು, ಕೊಪ್ಪಳದ ಕಡೆ ಇದಕ್ಕೆ ಬೇರೆ ಮಾತು ಬಳಸುತ್ತಾರಾ? ಗೊತ್ತಿದ್ದವರು ವಾಕ್ಯದಲ್ಲಿ ಬಳಸಿ ತೋರಿಸಿ.