ಎರಡೆಳೆ ಕೆಂಪು ಮಣಿಸರಕ್ಕೆ ಯಾವ ಕಲ್ಲು ತಗೋಬೇಕು? ಬಣ್ಣ ಬಿಡದ್ದು ಬೇಕು

ಬಳ್ಳಾರಿ_ಮಣಿಸರ:
ಎಲ್ಲರಿಗೂ ನಮಸ್ಕಾರ. ಮದುವೆ ಆರ್ಡರ್‌ಗೆ ಎರಡೆಳೆ ಕೆಂಪು ಸರ ಪೋಣಿಸಬೇಕಿದೆ. ಒಳಗಿನ ಎಳೆ 18 ಇಂಚು, ಹೊರಗಿನದು 20. ಮಣಿ 6 ಎಂಎಂ, ಪ್ರತಿ ಐದು ಮಣಿಗೊಂದು ಬೆಳ್ಳಿಗೆ ಗಿಲೀಟು ಮಾಡಿದ 3 ಎಂಎಂ ಗುಂಡು. ಗಿರಾಕಿಗೆ ಹವಳದ ಬಣ್ಣ ಇಷ್ಟ, ಆದರೆ ಪೂರಾ ಹವಳ ಅವರ ಬಜೆಟ್‌ಗೆ ಬರುವುದಿಲ್ಲ. ಅಂಗಡಿಯಲ್ಲಿ ರೂಬಿ, ಗಾರ್ನೆಟ್, ರೆಡ್ ಓನಿಕ್ಸ್, ಕಾರ್ನೀಲಿಯನ್ ಅಂತ ನಾಲ್ಕೈದು ಹೆಸರಿನ ಎಳೆ ತೋರಿಸುತ್ತಾರೆ. ನಮ್ಮ ಬಿಸಿಲಿಗೆ, ಬೆವರಿಗೆ ತಡೆಯುವುದು ಯಾವುದು? ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಎಷ್ಟು ಎಳೆ ತರಬೇಕು?

ರಾಯಚೂರು_ಹರಳು:
ಅಕ್ಕಾರೆ, ಕೆಂಪು ಕಲ್ಲನ್ನು ಬಣ್ಣದಿಂದ ಗುರುತಿಸಲು ಹೋಗಬೇಡಿ, ತೂಕ ನಂಬಿ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಮತ್ತು ದಪ್ಪ ಅಳೆಯುವ ಒಂದು ವರ್ನಿಯರ್ ಚೀಲದಲ್ಲಿರಲಿ. ಅಂಗಡಿಯಲ್ಲಿ ಸಿಗುವ 16 ಇಂಚಿನ ಎಳೆಯಲ್ಲಿ 6 ಎಂಎಂ ಗುಂಡನೆಯ ಮಣಿ ಸುಮಾರು 64 ಇರುತ್ತವೆ. ಗಾರ್ನೆಟ್‌ನ ಸಾಂದ್ರತೆ 4ರ ಆಸುಪಾಸು (ಅಷ್ಟೇ ಗಾತ್ರದ ನೀರಿನ ನಾಲ್ಕು ಪಟ್ಟು ತೂಕ), ಹಾಗಾಗಿ ಎಳೆ 27–28 ಗ್ರಾಂ ತೂಗಬೇಕು. ಕಾರ್ನೀಲಿಯನ್, ಓನಿಕ್ಸ್, ಜಾಸ್ಪರ್ ಮೂರೂ ಸ್ಫಟಿಕದ ಕುಲದವು, 2.6ರ ಆಸುಪಾಸು, ಅವು 18 ಗ್ರಾಂ ತೂಗುತ್ತವೆ. ಗಾರ್ನೆಟ್ ಎಂದು ಕೊಟ್ಟ ಎಳೆ 18 ಗ್ರಾಂ ಬಂದರೆ ಅದು ಗಾಜು, ಇಲ್ಲವೇ ಬಣ್ಣ ಕುಡಿಸಿದ ಸ್ಫಟಿಕ. ತೂಗುವ ಮೊದಲು ನಾಲ್ಕಾರು ಮಣಿ ಅಳೆಯಿರಿ. 6 ಎಂಎಂ ಅಂದದ್ದು 5.7 ಇದ್ದರೆ ಎಳೆಯ ತೂಕ ಹತ್ತರಲ್ಲೊಂದು ಪಾಲು ಇಳಿಯುತ್ತದೆ, ಲೆಕ್ಕ ತಪ್ಪುತ್ತದೆ.

ರೂಬಿ ಮತ್ತು ಗಾರ್ನೆಟ್ ತೂಕದಲ್ಲಿ ಹೆಚ್ಚುಕಡಿಮೆ ಒಂದೇ. ಅಲ್ಲಿ ನಿಯೋಡೈಮಿಯಂ ಎಂಬ ಬಲವಾದ ಅಯಸ್ಕಾಂತ ಬೇಕು. ನೀರಿನ ಬಟ್ಟಲಲ್ಲಿ ಥರ್ಮಾಕೋಲ್ ತುಂಡು ತೇಲಿಬಿಟ್ಟು, ಅದರ ಮೇಲೆ ಬಿಡಿ ಮಣಿ ಇಟ್ಟು ಅಯಸ್ಕಾಂತವನ್ನು ಹತ್ತಿರ ಹಿಡಿಯಿರಿ. ಗಾರ್ನೆಟ್‌ನಲ್ಲಿ ಕಬ್ಬಿಣದ ಅಂಶ ಇರುವುದರಿಂದ ತುಂಡು ಮೆಲ್ಲಗೆ ಅದರ ಕಡೆ ಸರಿಯುತ್ತದೆ. ರೂಬಿ ಅಲುಗುವುದಿಲ್ಲ. ಕಡಿಮೆ ಬೆಲೆಯ ಹೊಳೆಯುವ ರೂಬಿ ಎಳೆಗಳಲ್ಲಿ ಬಿರುಕಿಗೆ ಸೀಸದ ಗಾಜು ತುಂಬಿರುವುದು ಸಾಮಾನ್ಯ. ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಹಿಡಿದು ಹೊರಳಿಸಿದರೆ ಒಳಗೆ ನೀಲಿ ಮಿಂಚು ಕಾಣುತ್ತದೆ. ಅಂಥದಕ್ಕೆ ನಿಂಬೆರಸ ತಗುಲಿದರೂ ಗಾಜು ಸವೆದು ಬಿರುಕು ಬಾಯಿಬಿಡುತ್ತದೆ. ಮದುವೆ ಸರಕ್ಕೆ ಅದು ಬೇಡವೇ ಬೇಡ.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಮೊದಲು ಎಳೆಯ ದಾರವನ್ನೇ ನೋಡಿ. ಎರಡು ಮಣಿ ಸರಿಸಿದರೆ ನಡುವಿನ ಬಿಳಿ ದಾರ ಕಾಣುತ್ತದೆ. ಅದು ಗುಲಾಬಿ ತಿರುಗಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಎಳೆ ವಾಪಸ್ ಕೊಡಿ. ದಾರ ಬೆಳ್ಳಗಿದ್ದರೆ ಅಸಿಟೋನ್ (ಉಗುರುಬಣ್ಣ ತೆಗೆಯುವ ದ್ರವ) ಅದ್ದಿದ ಹತ್ತಿಯನ್ನು ತೂತಿನ ಬಾಯಿಗೆ ಹತ್ತು ಸೆಕೆಂಡು ತಿಕ್ಕಿ. ಮೇಲ್ಮೈಗೆ ತಿಕ್ಕಿ ಉಪಯೋಗವಿಲ್ಲ, ಅಲ್ಲಿ ಪಾಲಿಶ್ ಇರುತ್ತದೆ. ಬಣ್ಣ ಕೂತಿರುವುದು ತೂತಿನಲ್ಲಿ, ಬಿರುಕಿನಲ್ಲಿ.

ನಿಮ್ಮ ಕೆಲಸಕ್ಕೆ ನನ್ನ ಆಯ್ಕೆ ಗುಜರಾತಿನ ಖಂಭಾತದ ಕಾರ್ನೀಲಿಯನ್. ಅದನ್ನು ಕಾಯಿಸಿ ಕೆಂಪು ಮಾಡಿರುತ್ತಾರೆ, ಅದು ಮೋಸವಲ್ಲ: ಕಲ್ಲಿನೊಳಗಿನ ಹಳದಿ ಕಬ್ಬಿಣದ ಅಂಶ ಬಿಸಿಗೆ ಕೆಂಪಾಗುತ್ತದೆ, ಆಮೇಲೆ ತಿರುಗಿ ಬಿಡುವುದಿಲ್ಲ. ನಮ್ಮ ಮಸ್ಕಿಯಲ್ಲಿ 1954ರಲ್ಲಿ ಅಗೆದಾಗ ಸಿಕ್ಕ ಮಣಿಗಳಲ್ಲೂ ಕಾರ್ನೀಲಿಯನ್ ಇವೆ. ಬೆಳಕಿಗೆ ಹಿಡಿದಾಗ ಬಣ್ಣ ಮೋಡದಂತೆ ಹರಡಿದ್ದರೆ ಒಳ್ಳೆಯದು. ಗೆರೆಗೆರೆಯಾಗಿ ಪಟ್ಟಿ ಕಂಡರೆ ಬಣ್ಣ ಹಾಕಿದ ಅಗೇಟ್ (ಪಟ್ಟೆಯಿರುವ, ಸ್ಫಟಿಕದ ಕುಲದ್ದೇ ಕಲ್ಲು) ಇರಬಹುದು. ಬೆಳಕು ಹಾಯದ ಕೆಂಪೇ ಬೇಕೆಂದರೆ ಜಾಸ್ಪರ್ ನೋಡಿ. ಅದರ ಕೆಂಪು ಹೆಮಟೈಟ್‌ನಿಂದ ಬಂದದ್ದು, ಸಂಡೂರಿನ ಕಬ್ಬಿಣದ ಅದಿರಿನದೇ ಖನಿಜ. ಬಿಸಿಲು ಬೆವರಿಗೆ ಜಗ್ಗುವುದಿಲ್ಲ. ಬಣ್ಣ ಮಾತ್ರ ಇಟ್ಟಿಗೆಯ ಕಡೆ ವಾಲುತ್ತದೆ. 6 ಎಂಎಂ ಗಾರ್ನೆಟ್ ಬೇಡ, ರಾತ್ರಿ ದೀಪಕ್ಕೆ ಕರಿಮಣಿಯೇ ಅನ್ನಿಸುತ್ತದೆ. ಗಾರ್ನೆಟ್ ಚೆಂದ ಕಾಣುವುದು ಮುಖ ಕಡಿದ 3–4 ಎಂಎಂ ಅಳತೆಯಲ್ಲಿ.

ಕುಷ್ಟಗಿ_ಪೋಣಿಕೆ:
ಕಲ್ಲಿನ ವಿಚಾರ ಮ್ಯಾಲಿನವ್ರು ಸರಿಯಾಗಿ ಹೇಳ್ಯಾರ. ನಾ ತೂತಿಂದು ಹೇಳ್ತೀನ್ರಿ, ಸರ ಹರಿಯೂದು ಅಲ್ಲೇ. ಮಣಿನ ಎರಡೂ ಕಡಿಂದ ಕೊರದು ನಡುವ ಕೂಡಸ್ತಾರ. ಸಾಲು ತಪ್ಪಿದ್ರ ಒಳಗ ಮೆಟ್ಟಲಾ ಆಗತೈತಿ, ಸೂಜಿ ಅಲ್ಲೇ ನಿಲ್ಲತೈತಿ. ತೂತಿನ ಅಂಚು ಚಕ್ಕಿ ಎದ್ದಿದ್ರ ಅದು ಬ್ಲೇಡ್ ಇದ್ದಂಗ, ದಿನಾ ಒಂದೊಂದು ನೂಲು ಕೊಯ್ತೈತಿ. 10 ಪಟ್ಟು ಲೂಪ್ ಹಚ್ಚಿ ನೋಡಿ ಅಂಥಾ ಮಣಿ ತಗದು ಹಾಕ್ರಿ. ಸಣ್ಣ ಚಕ್ಕಿ ಇದ್ರ ವಜ್ರದ ಪುಡಿ ಹಚ್ಚಿದ ರೀಮರ್‌ನಿಂದ (ತೂತು ಉಜ್ಜೂ ಸಣ್ಣ ಅರ) ಸವರಬಹುದು, ಆದ್ರ ಮಣಿ ನೀರಾಗ ಇಟ್ಕೊಂಡೇ ಮಾಡ್ರಿ. ಒಣಗಿದ್ದಾಗ ಮಾಡಿದ್ರ ಕಲ್ಲು ಕಾದು ಸೀಳತೈತಿ, ಪುಡಿ ಮೂಗಿಗೆ ಹೋಗತೈತಿ.

ಲೆಕ್ಕ ಹಿಂಗೈತ್ರಿ. ಐದು ಮಣಿ, ಒಂದು ಗುಂಡು ಕೂಡಿ 33 ಎಂಎಂ. 18 ಇಂಚು ಅಂದ್ರ 46 ಸೆಂ.ಮೀ, ಕೊಕ್ಕಿಗೆ 2.5 ಬಿಟ್ರ 43 ಉಳಿತೈತಿ: 13 ಗುಂಪು, 65 ಮಣಿ. 20 ಇಂಚಿಗೆ 14 ಗುಂಪು, ಮ್ಯಾಲ 4 ಮಣಿ, ಅಂದ್ರ 74. ಒಟ್ಟು 139 ಮಣಿ, 27 ಗುಂಡು. ಎರಡು ಎಳಿ ಸಾಲೂದಿಲ್ಲ, ಮೂರು ತರ್ರಿ. ಉಳಿದ 50 ಚಿಲ್ಲರದಾಗ ಕೆಟ್ಟವು ತಗದು, ಜುಮಕಿಗೂ ಆಗ್ತಾವು. ಮೂರೂ ಒಂದೇ ಲಾಟಿನವು ಇರ್ಲಿ, ಆಮ್ಯಾಲ ಹೋದ್ರ ಅದೇ ಬಣ್ಣ ಸಿಗೂದಿಲ್ಲ. ಬಿಳಿ ಬಟ್ಟಿ ಮ್ಯಾಲ ಹಗಲ ಬೆಳಕಿನಾಗ ಸುರದು, ದಟ್ಟ ಬಣ್ಣದವು ಎದಿ ನಡುವ ಬರೂಹಂಗ, ತಿಳಿಯವು ಹಿಂದಕ ಹೋಗೂಹಂಗ ಜೋಡಸ್ರಿ.

ತೂತು 1 ಎಂಎಂ ಇದ್ರ 49 ಎಳಿಯ 0.38 ಎಂಎಂ ಬೀಡಿಂಗ್ ವೈರ್ (ಮಣಿ ಪೋಣಸೂ ಸಣ್ಣ ತಂತಿ) ಹಾಕ್ರಿ, ಅಳತಿಗಿಂತ 15 ಸೆಂ.ಮೀ ಹೆಚ್ಚು ಕತ್ತರಿಸ್ರಿ. ವೈರಿನ ತುದಿ ಬಿಗಿಯೂ ಸಣ್ಣ ಲೋಹದ ಕೊಳವಿ, ಅಂದ್ರ 2 ಎಂಎಂ ಕ್ರಿಂಪ್, ಅದನ್ನ ಸಾದಾ ಇಕ್ಕಳದಿಂದ ಚಪ್ಪಟಿ ಮಾಡಬ್ಯಾಡ್ರಿ, ಅದರ ಅಂಚೇ ವೈರ್ ಕಡೀತೈತಿ. ಕ್ರಿಂಪ್ ಇಕ್ಕಳದಾಗ ಮೊದಲು ನಡುವ ತಗ್ಗು ಮಾಡಿ, ಆಮ್ಯಾಲ ಮಡಚ್ರಿ. ಬಿಗಿ ಮಾಡೂಕಿಂತ ಮುಂಚೆ 2 ಎಂಎಂ ಸಡಿಲ ಬಿಡ್ರಿ. ಬಿಡದಿದ್ರ ಸರ ಕೊರಳಿಗೆ ಕೂಡಂಗಿಲ್ಲ, ಮಣಿ ಒತ್ತಿ ತೂತಿನ ಅಂಚು ಒಡೀತೈತಿ.

ಬಳ್ಳಾರಿ_ಮಣಿಸರ:
ತುಂಬಾ ಉಪಕಾರ ಆಯಿತು ಇಬ್ಬರಿಗೂ. ಕಾರ್ನೀಲಿಯನ್ ಎಂದೇ ಗಟ್ಟಿ ಮಾಡಿದೆ. ಶಾಸ್ತ್ರಕ್ಕೆಂದು ನಡುವೆ ಎರಡು ನಿಜವಾದ ಹವಳ ಹಾಕಿ ಅನ್ನುತ್ತಾರೆ ಗಿರಾಕಿ. ಹಾಕಬಹುದೇ?

ರಾಯಚೂರು_ಹರಳು:
ಹಾಕಬಹುದು, ಆದರೆ ಕಾರ್ನೀಲಿಯನ್‌ಗೆ ತಾಗಿಸಿ ಇಡಬೇಡಿ. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಹವಳದ ಗಡಸುತನ 3ರಿಂದ 4, ಕಾರ್ನೀಲಿಯನ್‌ದು 7ರ ಹತ್ತಿರ. ಪಕ್ಕದಲ್ಲಿದ್ದರೆ ಆರು ತಿಂಗಳಲ್ಲೇ ಹವಳದ ಕೆನ್ನೆ ಮಂಕಾಗುತ್ತದೆ. ಪ್ರತಿ ಹವಳದ ಎರಡೂ ಬದಿಗೆ ಗುಂಡು ಬರಲಿ.

ಕೊಳ್ಳುವಾಗ ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಣ್ಣ ಹಾಕಿದ ಬಿದಿರು ಹವಳ (ಬೇರೆ ಜಾತಿಯ ಹವಳ) ಒಳಗೆ ಬೆಳ್ಳಗಿರುತ್ತದೆ, ಮೇಲಿನ ಗೆರೆಗಳೂ ದಪ್ಪ. ಒಳ್ಳೆಯ ಮೆಡಿಟರೇನಿಯನ್ ಹವಳದಲ್ಲಿ ಗೆರೆ ಕೂದಲಷ್ಟು ಸಣ್ಣ, ಬಣ್ಣ ಒಳಗೂ ಅದೇ. ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಇದ್ದರೆ ಚಿಂತೆಯಿಲ್ಲ. ನಿಂಬೆರಸ ಬಿಟ್ಟು ನೊರೆ ನೋಡಿ ಎಂದು ಹೇಳುವವರಿದ್ದಾರೆ. ಬಿದಿರು ಹವಳಕ್ಕೂ, ಚಿಪ್ಪಿಗೂ ನೊರೆ ಬರುತ್ತದೆ, ಎಲ್ಲವೂ ಸುಣ್ಣದ ಅಂಶದವೇ. ಆ ಪರೀಕ್ಷೆಯಲ್ಲಿ ಪಾಲಿಶ್ ಹಾಳಾಗುವುದೊಂದೇ ಖಚಿತ.

ಗಿರಾಕಿಗೆ ಒಂದು ಮಾತು ತಪ್ಪದೆ ಹೇಳಿ: ಗುಂಡು ಕಪ್ಪಾಯಿತೆಂದು ಸರವನ್ನು ಹುಣಸೆಹಣ್ಣಿನ ನೀರಲ್ಲಿ ಅದ್ದಬಾರದು, ಹವಳ ಸವೆಯುತ್ತದೆ, ಗಿಲೀಟೂ ಏಳುತ್ತದೆ. ಅರಿಶಿನ, ತಲೆಗೆಣ್ಣೆ, ಸೆಂಟು ಹಚ್ಚಿಕೊಂಡು ಆರಿದ ಮೇಲೆ ಸರ ಹಾಕಲಿ, ತೆಗೆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಇಡಲಿ. ಬಿಲ್ಲಿನಲ್ಲಿ ನೈಸರ್ಗಿಕ ಹವಳ, ಬಣ್ಣ ಹಾಕಿಲ್ಲ ಎಂದು ಬರೆಸಿಕೊಳ್ಳಿ. ಹಾಗೆ ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಹವಳ ಕೊಳ್ಳಬೇಡಿ.