ಅಣ್ಣನ ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯಲೇ?

ಕಳೆದ ಸಂಚಿಕೆಯ ಸಮಸ್ಯೆ: ನನಗೆ 29 ವರ್ಷ. ಬಿ.ಕಾಂ. ಮುಗಿಸಿ ಆರು ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಅವನ ಜೊತೆ ಆಸ್ಪತ್ರೆಗೆ ಅಲೆಯುವಾಗ ಅಲ್ಲಿನ ಸಮಾಜಕಾರ್ಯಕರ್ತೆ ಮಾಡುವ ಕೆಲಸ ನೋಡಿ ನನಗೂ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಆಸೆಯಾಗಿದೆ. ಅರ್ಜಿಯ ಜೊತೆ ಎರಡು ಪುಟದ ಉದ್ದೇಶಪತ್ರ ಕೇಳಿದ್ದಾರೆ. ಅಣ್ಣನ ವಿಷಯ ಬರೆದರೆ ಕನಿಕರ ಗಿಟ್ಟಿಸಿಕೊಂಡಂತೆ, ಬಿಟ್ಟರೆ ಸುಳ್ಳು ಹೇಳಿದಂತೆ ಅನಿಸುತ್ತಿದೆ. ಪದವಿಯ ಎರಡನೇ ವರ್ಷ ಒಂದು ವಿಷಯದಲ್ಲಿ ಫೇಲಾಗಿದ್ದೆ. ಶಿಫಾರಸು ಪತ್ರ ಯಾರನ್ನು ಕೇಳಲಿ, ಗೊತ್ತಿಲ್ಲ. ‘ಜನಸೇವೆಗೆ ಡಿಗ್ರಿ ಯಾಕೆ?’ ಅನ್ನುತ್ತಾರೆ ಮನೆಯವರು. ಏನು ಮಾಡಲಿ?

ಓದುಗರ ಸ್ಪಂದನ

ತಂಗಿ, ಅಣ್ಣನಿಗೆ ಒಂದು ಪ್ಯಾರಾ ಕೊಡಿ. ಅದಕ್ಕಿಂತ ಜಾಸ್ತಿ ಬೇಡ.

ನಾನು ಹಲವು ವರ್ಷ ಆಯ್ಕೆ ಸಮಿತಿಯಲ್ಲಿದ್ದೆ. ಬರುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ‘ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡುವ ಹಂಬಲ’ ಎಂದೇ ಶುರುವಾಗುತ್ತಿದ್ದವು. ಹತ್ತನೆಯದರ ಹೊತ್ತಿಗೆ ನಾನು ಮೊದಲ ಪ್ಯಾರಾ ಬಿಟ್ಟು ಓದುವುದನ್ನು ಕಲಿತಿದ್ದೆ. ಒಬ್ಬ ಹುಡುಗ ಕುಡುಕ ಅಪ್ಪನ ಕೈಯಲ್ಲಿ ತಿಂದ ಏಟುಗಳ ಬಗ್ಗೆ ಒಂದೂವರೆ ಪುಟ ಬರೆದಿದ್ದ. ಕಣ್ಣು ಒದ್ದೆಯಾಯಿತು, ನಿಜ. ಆದರೆ ಓದಿ ಮುಗಿಸಿದಾಗ ಅಪ್ಪ ಚೆನ್ನಾಗಿ ಗೊತ್ತಾಗಿದ್ದ, ಹುಡುಗ ಗೊತ್ತಾಗಿರಲಿಲ್ಲ.

ಅದೇ ವರ್ಷ ಒಬ್ಬ ಹುಡುಗಿ ಪಕ್ಕದ ಮನೆ ಅಜ್ಜಿಯ ಪಿಂಚಣಿ ಅರ್ಜಿ ತುಂಬಿಕೊಟ್ಟಿದ್ದನ್ನು ಬರೆದಿದ್ದಳು. ಎರಡು ಸಲ ಅರ್ಜಿ ವಾಪಸ್ ಬಂದಿದೆ. ಮೂರನೇ ಸಲ ತಾನೇ ಹೋಗಿ ಕೌಂಟರಿನಲ್ಲಿ ನಿಂತು ಕೇಳಿದ್ದಾಳೆ. ಎರಡು ದಾಖಲೆಗಳಲ್ಲಿ ಅಜ್ಜಿಯ ಹೆಸರು ಬೇರೆ ಬೇರೆ ಥರ ಇತ್ತಂತೆ. ‘ಇದನ್ನು ಮೊದಲೇ ಯಾರೂ ಅಜ್ಜಿಗೆ ಹೇಳಲಿಲ್ಲ, ನಾನೂ ಕೇಳಿರಲಿಲ್ಲ’ ಎಂದು ಬರೆದಿದ್ದಳು. ಆ ‘ನಾನೂ ಕೇಳಿರಲಿಲ್ಲ’ ನೋಡಿಯೇ ಸಂದರ್ಶನಕ್ಕೆ ಕರೆದೆವು. ಬಂದಾಗ ಬೇರೇನೂ ಕೇಳಲಿಲ್ಲ, ಬರೀ ಆ ಅಜ್ಜಿಯದೇ ಮಾತು.

ನಿಮ್ಮ ಪ್ಯಾರಾ ಕೂಡ ಹಾಗೇ ಇರಲಿ. ಅಣ್ಣ ಮಾತ್ರೆ ಬೇಡ ಅಂದ ದಿನ ನೀವು ಏನು ಹೇಳಿದಿರಿ? ಅದು ಯಾಕೆ ನಡೆಯಲಿಲ್ಲ? ಆ ಸಮಾಜಕಾರ್ಯಕರ್ತೆ ಏನು ಬೇರೆ ಮಾಡಿದರು? ಕಾಯಿಲೆ ಎಷ್ಟು ಭಯಂಕರ ಅಂತ ವರ್ಣಿಸಬೇಡಿ, ಸಮಿತಿಯವರಿಗೆ ಅದು ಗೊತ್ತಿರುತ್ತದೆ. ಉಳಿದ ಜಾಗದಲ್ಲಿ ಯಾವ ಕ್ಷೇತ್ರದಲ್ಲಿ ಕೆಲಸ ಮಾಡಬೇಕು, ಈ ಕೋರ್ಸೇ ಯಾಕೆ ಅನ್ನುವುದನ್ನು ಹೇಳಿ. ಇನ್ನೊಂದು ಮಾತು. ಬರೆದದ್ದನ್ನೆಲ್ಲ ಸಂದರ್ಶನದಲ್ಲಿ ಕೇಳುತ್ತಾರೆ. ಅಪರಿಚಿತರ ಎದುರು ಆ ಮಾತು ಆಡುವಷ್ಟು ಗಾಯ ಮಾಗಿಲ್ಲವಾದರೆ ಈ ಸಲ ಬಿಟ್ಟುಬಿಡಿ. ಅದು ಸುಳ್ಳಲ್ಲ.

– ನಿವೃತ್ತ ಅಧ್ಯಾಪಕ

ಫೇಲಾದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅಕ್ಕಾ. ಅಂಕಪಟ್ಟಿಯಲ್ಲಿ ಹೇಗಿದ್ದರೂ ಕಾಣುತ್ತೆ. ಯಾಕಾಯಿತು, ಆಮೇಲೆ ಯಾವಾಗ ಪಾಸಾದಿರಿ ಅಂತ ಎರಡು ಸಾಲು ಬರೆದು ಮುಂದೆ ಹೋಗಿ. ನಾನು ಮಾಡಿದ ಎಡವಟ್ಟು ಇನ್ನೂ ದೊಡ್ಡದು. ಒಂದೇ ಪತ್ರವನ್ನು ಎರಡು ಕಡೆ ಕಳಿಸಿ, ಎರಡನೆಯದರಲ್ಲಿ ವಿಶ್ವವಿದ್ಯಾಲಯದ ಹೆಸರು ಬದಲಿಸುವುದನ್ನೇ ಮರೆತಿದ್ದೆ! ಒಂದು ವರ್ಷ ಕಾದೆ.

ಆದರೆ ನೀವು ಕೇಳದೇ ಇರುವ ಒಂದು ವಿಷಯ ಇದೆ. ಕೆಲಸ ಬಿಡ್ತೀರಾ? ಈ ಓದಿನಲ್ಲಿ ಅರ್ಧ ಬದುಕು ಫೀಲ್ಡ್ ವರ್ಕ್. ಅಮೆರಿಕದಲ್ಲಿ ಮಾನ್ಯತೆ ಪಡೆದ ಎಂಎಸ್‌ಡಬ್ಲ್ಯುಗೆ ಕಡಿಮೆ ಅಂದರೂ 900 ಗಂಟೆ ಆಗಲೇಬೇಕು. ಬೇರೆ ಕಡೆ ಲೆಕ್ಕ ಬೇರೆ ಇರುತ್ತೆ, ಫೀಲ್ಡ್ ವರ್ಕ್ ಮಾತ್ರ ತಪ್ಪಲ್ಲ. ಆಸ್ಪತ್ರೆ, ಶಾಲೆ, ಮಕ್ಕಳ ಪುನರ್ವಸತಿ ಕೇಂದ್ರ ಎಲ್ಲ ನಡೆಯುವುದು ಹಗಲಲ್ಲಿ, ನಿಮ್ಮ ಆಫೀಸಿನ ಹೊತ್ತಲ್ಲೇ. ಅರ್ಜಿ ಹಾಕುವ ಮೊದಲೇ ಫೋನ್ ಮಾಡಿ ‘ಸಂಜೆ ಅಥವಾ ವಾರಾಂತ್ಯದ ಫೀಲ್ಡ್ ವರ್ಕ್ ಪ್ಲೇಸ್‌ಮೆಂಟ್ ಸಿಗುತ್ತಾ?’ ಅಂತ ಕೇಳಿ. ಪಾರ್ಟ್ ಟೈಮ್ ಅಂತ ಹಾಕಿರುತ್ತಾರೆ, ಎಷ್ಟೋ ಕಡೆ ತರಗತಿ ಮಾತ್ರ ಪಾರ್ಟ್ ಟೈಮ್.

ಫೀಲ್ಡಿನಿಂದ ಬಂದು ಬರೆಯುವುದೂ ಉಂಟು. ಅವರು ಏನಂದರು, ನಾನು ಏನಂದೆ, ಆಗ ನನಗೆ ಏನನಿಸಿತು, ಎಲ್ಲ. ನನ್ನ ಮೊದಲ ಮನೆಭೇಟಿಯ ವರದಿಯಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: ‘ನೀನೇ ಜಾಸ್ತಿ ಮಾತಾಡಿದ್ದೀಯ.’

– ಎರಡನೇ ವರ್ಷದ ವಿದ್ಯಾರ್ಥಿನಿ

ಮನೆಯವರಿಗೆ ಮೇರಿ ರಿಚ್ಮಂಡ್ ಕಥೆ ಹೇಳಮ್ಮ. ಅವರೂ ನಿನ್ನ ಹಾಗೆ ಲೆಕ್ಕ ಬರೆಯುತ್ತಿದ್ದವರು. ಕಾಲೇಜು ಓದಿರಲಿಲ್ಲ. 1889ರಲ್ಲಿ ಅಮೆರಿಕದ ಬಾಲ್ಟಿಮೋರಿನ ಒಂದು ದತ್ತಿ ಸಂಸ್ಥೆಗೆ ಸಹಾಯಕ ಖಜಾಂಚಿಯಾಗಿ ಸೇರಿದರು. ಆಮೇಲೆ ಒಬ್ಬೊಬ್ಬರ ಕಷ್ಟವನ್ನು ಬೇರೆ ಬೇರೆಯಾಗಿ ತಿಳಿದು ನೆರವಾಗುವ ಕೇಸ್‌ವರ್ಕ್ ಎಂಬ ಪದ್ಧತಿಗೆ ಅಡಿಪಾಯ ಹಾಕಿದರು. ಈ ಕೆಲಸಕ್ಕೆ ಒಳ್ಳೆ ಮನಸ್ಸಿನ ಜೊತೆ ತರಬೇತಿಯೂ ಬೇಕು, ಅದಕ್ಕೊಂದು ಶಾಲೆ ಬೇಕು ಎಂದು 1897ರಲ್ಲಿ ವಾದಿಸಿದ್ದೂ ಅವರೇ. ಮರುವರ್ಷ ನ್ಯೂಯಾರ್ಕಿನಲ್ಲಿ ಆರು ವಾರದ ಬೇಸಿಗೆ ತರಗತಿ ಶುರುವಾಯಿತು. ಈಗಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದ ಬೇರು ಅದೇ. ಭಾರತದಲ್ಲಿ 1936ರಲ್ಲಿ ಮುಂಬೈಯಲ್ಲಿ ಟಾಟಾ ಹೆಸರಿನ ಶಾಲೆ ಬಂತು. ಡಿಗ್ರಿ ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ.

ಸೇವೆ ಬೇರೆ, ಸಮಾಜಕಾರ್ಯ ಬೇರೆ. ಸೇವೆಯಲ್ಲಿ ಕೊಟ್ಟು ಬರುತ್ತೇವೆ. ಇಲ್ಲಿ ಕೊಟ್ಟದ್ದು ಯಾಕೆ ಸಾಲಲಿಲ್ಲ ಅಂತ ಲೆಕ್ಕ ಹಾಕಬೇಕು. ಲೆಕ್ಕ ನಿನಗೆ ಬರುತ್ತಲ್ಲ!

– 68ರ ಓದುಗಿ

ಶಿಫಾರಸು ಪತ್ರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಆಸ್ಪತ್ರೆಯ ಆ ಸಮಾಜಕಾರ್ಯಕರ್ತೆಯನ್ನು ಕೇಳುವ ಮನಸ್ಸಾಗಬಹುದು. ದಯವಿಟ್ಟು ಬೇಡ. ಅವರು ನಿಮ್ಮನ್ನು ನೋಡಿರುವುದು ರೋಗಿಯ ತಂಗಿಯಾಗಿ. ಮನೆಯವರು, ಚಿಕಿತ್ಸೆ ಕೊಟ್ಟವರು ಬರೆದ ಪತ್ರವನ್ನು ಅನೇಕ ಕಡೆ ಒಪ್ಪುವುದೂ ಇಲ್ಲ. ನಿಮ್ಮ ಮ್ಯಾನೇಜರನ್ನು ಕೇಳಿ. ಒರಟು ಗ್ರಾಹಕರ ಜೊತೆ ನೀವು ಹೇಗೆ ಮಾತಾಡುತ್ತೀರಿ ಅಂತ ಅವರಿಗೆ ಗೊತ್ತು. ವಾರಕ್ಕೊಂದು ದಿನ ಎಲ್ಲಾದರೂ ಸ್ವಯಂಸೇವಕಿಯಾಗಿ ಈಗಲೇ ಸೇರಿಕೊಂಡರೆ ಎರಡನೇ ಪತ್ರಕ್ಕೂ ದಾರಿಯಾಯಿತು. ಕೇಳುವಾಗ ಒಂದು ತಿಂಗಳು ಮುಂಚೆ ಕೇಳಿ, ನಿಮ್ಮ ಉದ್ದೇಶಪತ್ರದ ಕರಡನ್ನೂ ಕೈಗೆ ಕೊಡಿ. ‘ಒಳ್ಳೆಯ ಹುಡುಗಿ, ಶ್ರಮಜೀವಿ’ ಅಂತ ನಾಲ್ಕು ಸಾಲು ಗೀಚುವವರು ಎಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಸುಮ್ನೆ ವೇಸ್ಟು.

– ಸಂಸ್ಥೆಯೊಂದರ ಸಂಯೋಜಕಿ

ಎಲ್ಲರೂ ನಿಮ್ಮ ಅಣ್ಣನನ್ನು ಎಷ್ಟು ಬರೆಯಬೇಕು ಅಂತ ಹೇಳುತ್ತಿದ್ದಾರೆ. ನೀವು ಅವನನ್ನು ಕೇಳಿದಿರಾ?

ನನಗೂ ಅದೇ ಕಾಯಿಲೆ. ಹನ್ನೊಂದು ವರ್ಷವಾಯಿತು. ನನ್ನ ತಂಗಿಯೂ ಇದೇ ಕೋರ್ಸಿಗೆ ಅರ್ಜಿ ಹಾಕಿದಳು. ಕಳಿಸುವ ಹಿಂದಿನ ರಾತ್ರಿ ಕಾಗದ ತಂದು ನನ್ನ ಮುಂದೆ ಇಟ್ಟು, ‘ಓದು, ಬೇಡ ಅನ್ನಿಸಿದ್ದನ್ನು ಹೊಡೆದುಹಾಕು’ ಅಂದಳು. ಎರಡು ವಾಕ್ಯ ಹೊಡೆದುಹಾಕಿದೆ. ಒಂದು ಸೇರಿಸಿದೆ.

– ಒಬ್ಬ ಅಣ್ಣ