ಮೈಸೂರಿನಲ್ಲಿ ಹಳೆ ಮನೆ ಕೊಳ್ಳುತ್ತಿದ್ದೇವೆ. ಅಡ್ವಾನ್ಸ್ ಕೊಡುವ ಮೊದಲು ಏನು ನೋಡಬೇಕು?

ನಂಜನಗೂಡು ಟೀಚರ್:

ಎಲ್ಲರಿಗೂ ನಮಸ್ಕಾರ. 11 ವರ್ಷದಿಂದ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಈಗ ರಾಮಕೃಷ್ಣನಗರದಲ್ಲಿ 30x40 ಸೈಟಿನ ಒಂದು ಮನೆ ಇಷ್ಟವಾಗಿದೆ. ರೆಡ್ ಆಕ್ಸೈಡ್ ನೆಲ, ಹಿತ್ತಲಲ್ಲಿ ನುಗ್ಗೆ ಮರ. 62 ಲಕ್ಷಕ್ಕೆ ಮಾತಾಗಿದೆ. 1991ರಲ್ಲಿ ಮುಡಾದಿಂದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಸೈಟು ಪಡೆದು ಮನೆ ಕಟ್ಟಿಸಿದವರು ತೀರಿಕೊಂಡು ಆರು ವರ್ಷವಾಯಿತು. ವಿಲ್ ಬರೆದಿಲ್ಲವಂತೆ. ಖಾತೆ ಈಗ ಹಿರಿ ಮಗನ ಹೆಸರಿನಲ್ಲಿದೆ, ಇ-ಖಾತಾನೂ ಆಗಿದೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇ.ಸಿ. (ಆಸ್ತಿ ಮೇಲಿನ ಮಾರಾಟ, ಸಾಲದ ನೋಂದಣಿ ತೋರಿಸುವ ಋಣಭಾರ ಪತ್ರ) ತೆಗೆಸಿದೆ. 2004ರಿಂದ ಇಲ್ಲಿವರೆಗೆ ಏನೂ ಇಲ್ಲ, ಕ್ಲೀನ್ ಆಗಿದೆ. ಭಾನುವಾರದೊಳಗೆ 5 ಲಕ್ಷ ಅಡ್ವಾನ್ಸ್ ಕೊಡಿ, ಇಲ್ಲದಿದ್ದರೆ ಬೇರೆ ಪಾರ್ಟಿ ರೆಡಿ ಇದ್ದಾರೆ ಅಂತ ಬ್ರೋಕರ್ ಹೇಳುತ್ತಿದ್ದಾರೆ. ಕೊಡಬಹುದಾ? ಆಮೇಲೆ ಏನೇನು ಹಂತ ಇದೆ?

ಕುವೆಂಪುನಗರದ ಗೃಹಿಣಿ:

ಮೇಡಂ, ಭಾನುವಾರ ಒಂದು ರೂಪಾಯಿನೂ ಕೊಡಬೇಡಿ. ನೀವು ಬರೆದಿದ್ದು ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

2014ರಲ್ಲಿ ನಾವೂ ಹೀಗೇ ಒಂದು ಮನೆ ಕೊಂಡೆವು. ತಂದೆ ಇರಲಿಲ್ಲ, ತಾಯಿಯೂ ಇರಲಿಲ್ಲ. ಇಬ್ಬರು ಅಣ್ಣತಮ್ಮಂದಿರು ಬಂದು ಸಹಿ ಹಾಕಿದರು. ಖಾತೆ ಅವರ ಹೆಸರಿನಲ್ಲೇ ಇತ್ತು. ಗೃಹಪ್ರವೇಶವಾಗಿ ಎಂಟು ತಿಂಗಳಿಗೆ, ಅಡುಗೆಮನೆಗೆ ಟೈಲ್ಸ್ ಹಾಕಿಸುತ್ತಿದ್ದಾಗ, ಕೋರ್ಟಿನ ಅಮೀನರು ಬಾಗಿಲಿಗೆ ಬಂದರು. ಸಿಮೆಂಟ್ ಕೈಯಲ್ಲೇ ನಮ್ಮ ಯಜಮಾನರು ಸಮನ್ಸ್ ಇಸ್ಕೊಂಡರು. ಕಾಗದದ ಮೇಲೆ ಬೂದು ಬೆರಳಚ್ಚು ಇವತ್ತಿಗೂ ಹಾಗೇ ಇದೆ. ಅವರಿಗೊಬ್ಬ ತಂಗಿ ಇದ್ದಳು, ಮದುವೆಯಾಗಿ ದೂರದ ಊರಿಗೆ ಹೋಗಿದ್ದಳು. ಪಾಲು ಕೇಳಿ ದಾವೆ ಹಾಕಿದ್ದಳು. ನಾಲ್ಕು ವರ್ಷ ಅಲೆದು, ಕೊನೆಗೆ 7 ಲಕ್ಷ ಕೊಟ್ಟು ರಾಜಿ ಮಾಡಿಕೊಂಡೆವು. ಅವಳ ಮೇಲೆ ನನಗೆ ಕೋಪವಿಲ್ಲ. ಅಪ್ಪನ ಮನೆಯಲ್ಲಿ ಅವಳ ಪಾಲನ್ನು ಅವಳು ಕೇಳಿದಳು, ಅಷ್ಟೇ. ನಾವೇ ಮೊದಲು ವಿಚಾರಿಸಬೇಕಿತ್ತು.

ಖಾತೆ ಇರೋದು ಕಂದಾಯ ಕಟ್ಟೋದಕ್ಕೆ. ಖಾತೆಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಮನೆ ಅವರೊಬ್ಬರದೇ ಆಗೋದಿಲ್ಲ. ಹಿಂದೂ ಕುಟುಂಬದಲ್ಲಿ ಗಂಡಸೊಬ್ಬರು ತಾವೇ ಸಂಪಾದಿಸಿದ ಆಸ್ತಿಗೆ ವಿಲ್ ಬರೆಯದೆ ತೀರಿಕೊಂಡರೆ, ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇದು 1956ರ ಉತ್ತರಾಧಿಕಾರ ಕಾಯಿದೆಯಲ್ಲೇ ಇದೆ. ಮಕ್ಕಳಲ್ಲಿ ಯಾರಾದರೂ ಮೊದಲೇ ತೀರಿಹೋಗಿದ್ದರೆ ಅವರ ಪಾಲು ಅವರ ಮಕ್ಕಳಿಗೆ ಬರುತ್ತದೆ. ಆದ್ದರಿಂದ ಮೊದಲು ವಂಶವೃಕ್ಷ ಕೇಳಿ. ಅದನ್ನೂ ಪೂರ್ತಿ ನಂಬಬೇಡಿ, ಅರ್ಜಿ ಕೊಡುವವರು ಒಂದು ಹೆಸರು ಬಿಟ್ಟರೆ ಬಿಟ್ಟೇ ಹೋಗಬಹುದು. ಪಕ್ಕದ ಮನೆಯವರ ಹತ್ತಿರ ಎರಡು ನಿಮಿಷ ನಿಂತು ಮಾತಾಡಿ. "ಇವರಿಗೆ ಎಷ್ಟು ಜನ ಮಕ್ಕಳು?" ಅಂತ ಕೇಳಿದರೆ ಸಾಕು. ಎಲ್ಲ ವಾರಸುದಾರರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲಾಂದ್ರೆ ಮೊದಲೇ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿಕೊಟ್ಟಿರಬೇಕು. ಬಿಳಿ ಹಾಳೆಯಲ್ಲಿ ಬರೆದಿದ್ದು ನಡೆಯೋದಿಲ್ಲ.

ಇನ್ನು ಇ.ಸಿ. ಆನ್‌ಲೈನ್‌ನಲ್ಲಿ ನಿಮಗೆ ಸಿಕ್ಕಿದ್ದು 2004ರ ಏಪ್ರಿಲ್ ನಂತರದ್ದು. ಸೈಟು ಬಂದಿದ್ದು 1991ರಲ್ಲಿ. ಮಧ್ಯದ 13 ವರ್ಷದ್ದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಿ. ಮುಡಾದ ಹಕ್ಕುಪತ್ರ, ಸ್ವಾಧೀನ ಪತ್ರ ಒರಿಜಿನಲ್ ತೋರಿಸಲು ಹೇಳಿ, ಜೆರಾಕ್ಸ್ ಬೇಡ. ಬ್ಯಾಂಕಿನಲ್ಲಿ ಪತ್ರ ಇಟ್ಟು ಸಾಲ ಮಾಡಿದ್ದರೆ ಅದು ಕೆಲವೊಮ್ಮೆ ಇ.ಸಿ.ಯಲ್ಲಿ ಬರೋದೇ ಇಲ್ಲ.

ಹೋಮ್‌ಲೋನ್ ವಿಭಾಗದಲ್ಲಿದ್ದವನು:

ಅಕ್ಕ ಹೇಳಿದ್ದು ಪೂರ್ತಿ ಸರಿ. ದುಡ್ಡಿನ ಲೆಕ್ಕ ನಾನು ಹೇಳುತ್ತೇನೆ. 30ರಿಂದ 75 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ 80% ಮೀರಿ ಬ್ಯಾಂಕ್ ಕೊಡೋ ಹಾಗಿಲ್ಲ. ನಿಮಗೆ ಹೆಚ್ಚೆಂದರೆ 49.6 ಲಕ್ಷ. ಉಳಿದ 12.4 ಲಕ್ಷ ನಿಮ್ಮದೇ. ಇದಲ್ಲದೆ ಮನೆ ಬೆಲೆಯ ಮೇಲೆ ಮುದ್ರಾಂಕ ಶುಲ್ಕ 5%, ಸೆಸ್, ಸರ್‌ಚಾರ್ಜ್ ಸೇರಿ 5.6% ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ 1% ಇದ್ದದ್ದು 2% ಆಯಿತು. ಒಟ್ಟು 7.6%, ಅಂದರೆ 4,71,200 ರೂಪಾಯಿ. ಇದಕ್ಕೆ ಸಾಲ ಸಿಗುತ್ತೆ ಅಂದುಕೊಳ್ಳಬೇಡಿ. ಕೈಯಲ್ಲಿ 17 ಲಕ್ಷದ ಮೇಲೆ ಇರಬೇಕು.

50 ಲಕ್ಷ ದಾಟಿರೋದರಿಂದ 1% ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಜವಾಬ್ದಾರಿಯೂ ನಿಮ್ಮದು. ಮಾರುವವರು ನಾಲ್ಕು ಜನ ಇದ್ದರೆ ನಾಲ್ಕು ಪ್ಯಾನ್‌ಗೂ ಅವರವರ ಪಾಲಿನಷ್ಟು ಬೇರೆ ಬೇರೆ ಕಟ್ಟಬೇಕು. ಬ್ಯಾಂಕಿನ ವಕೀಲರು ನೋಡುತ್ತಾರೆ ಅಂತ ಸುಮ್ನೆ ಇರಬೇಡಿ. ಅವರು ನೋಡೋದು ಬ್ಯಾಂಕಿನ ಹಿತ. ನಿಮ್ಮದೇ ವಕೀಲರಿಗೆ ಒಂದು ಸಲ ತೋರಿಸಿ.

ನಂಜನಗೂಡು ಟೀಚರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಆ ಬೀದಿಗೆ ಹೋಗಿದ್ದೆ. ಎದುರು ಮನೆಯ ಅಜ್ಜಿ ಹೂ ಕಟ್ಟುತ್ತಾ ಕೂತಿದ್ದರು, ಕೇಳಿದೆ. ಇಬ್ಬರು ಗಂಡುಮಕ್ಕಳ ಜೊತೆ ಒಬ್ಬ ಮಗಳೂ ಇದ್ದಳಂತೆ. ಎಂಟು ವರ್ಷದ ಹಿಂದೆ, ಅಪ್ಪನಿಗಿಂತ ಮೊದಲೇ ತೀರಿಕೊಂಡಳಂತೆ. ಅವಳಿಗೆ ಇಬ್ಬರು ಮಕ್ಕಳು, ಹಾಸನದಲ್ಲಿ ತಂದೆ ಜೊತೆ ಇದ್ದಾರೆ. ದೊಡ್ಡವನು ಕೆಲಸದಲ್ಲಿದ್ದಾನೆ, ಚಿಕ್ಕವಳು ಇನ್ನೂ ಪಿಯುಸಿ. ಬ್ರೋಕರ್ ಇದನ್ನು ಹೇಳೇ ಇರಲಿಲ್ಲ. ಮಕ್ಕಳ ಪರವಾಗಿ ತಂದೆ ಸಹಿ ಹಾಕಿದರೆ ಸಾಕಾ?

ಕುವೆಂಪುನಗರದ ಗೃಹಿಣಿ:

ಸಾಲದು ಮೇಡಂ. ದೊಡ್ಡವನು ತಾನೇ ಸಹಿ ಹಾಕಬೇಕು. ಚಿಕ್ಕವಳಿಗೆ 18 ತುಂಬಿಲ್ಲದಿದ್ದರೆ ಅವಳ ಪಾಲನ್ನು ಮಾರೋದಕ್ಕೆ ತಂದೆಗೂ ಕೋರ್ಟಿನ ಅನುಮತಿ ಬೇಕು. ಅದಿಲ್ಲದೆ ಕೊಂಡರೆ, ಆ ಹುಡುಗಿ ದೊಡ್ಡವಳಾದ ಮೇಲೆ ಆ ಮಾರಾಟವನ್ನು ಪ್ರಶ್ನಿಸಬಹುದು. ಆ ಹುಡುಗಿಯ ದುಡ್ಡು ಅವಳಿಗೇ ಸೇರಬೇಕು, ಅಲ್ವಾ? ಅನುಮತಿಗೆ ಅರ್ಜಿ ಹಾಕುತ್ತಾರೋ, 18 ಆಗೋವರೆಗೆ ಕಾಯುತ್ತಾರೋ, ಮನೆಯವರೇ ಕೂತು ತೀರ್ಮಾನಿಸಲಿ. ಬ್ರೋಕರ್‌ನ ಬಿಟ್ಟು ಆ ಮನೆಯ ವಾರಸುದಾರರ ಹತ್ತಿರ ನೇರವಾಗಿ ಮಾತಾಡಿ. ಅಲ್ಲಿವರೆಗೆ ನಿಮ್ಮ ಬಾಡಿಗೆ ಮನೆ ಓನರ್‌ಗೆ ಖಾಲಿ ಮಾಡುತ್ತೇವೆ ಅಂತ ಹೇಳಬೇಡಿ.